ಜಾಗ ತಪ್ಪಿದ ಪ್ರೋಟೀನು



ಜೀವಕೋಶದ ಚಿತ್ರ ಬರೆದು ಭಾಗಗಳನ್ನು ಗುರುತಿಸುವ ಪ್ರಶ್ನೆಗೆ ನಾನು ಅಂಕ ಕೊಡುತ್ತಿದ್ದ ರೀತಿಯನ್ನು ನಿಮ್ಮಲ್ಲಿ ಅನೇಕರು ಮರೆತಿರಲಾರಿರಿ. ಹೆಸರು ಸರಿಯಿದ್ದರೂ ಗೆರೆ ಬೇರೆ ಕಡೆಗೆ ಹೋಗಿದ್ದರೆ ಅಂಕವಿಲ್ಲ. "ಹೆಸರು ಸರಿಯಾಗಿದೆಯಲ್ಲ ಸಾರ್" ಎಂದು ವಾದಕ್ಕೆ ನಿಂತವರೂ ಉಂಟು. ನನ್ನ ಆ ಹಟಕ್ಕೆ ವೈದ್ಯಶಾಸ್ತ್ರದಲ್ಲಿ ಎಂತಹ ಸಮರ್ಥನೆಯಿದೆ ಎಂಬುದು ಅಂದು ನನಗೇ ತಿಳಿದಿರಲಿಲ್ಲ.

1986ರಲ್ಲಿ ನಮ್ಮ ಅಣ್ಣನವರಿಗೆ ದೊಡ್ಡ ಕರುಳಿನ ಕ್ಯಾನ್ಸರಿಗಾಗಿ ಶಸ್ತ್ರಚಿಕಿತ್ಸೆಯಾಯಿತು. ವರದಿಯ ಕೊನೆಯಲ್ಲಿ 'ಡ್ಯೂಕ್ಸ್ ಬಿ' ಎಂದಿತ್ತು. ಪಕ್ಕದ ಮಂಚದಲ್ಲಿದ್ದ, ಅವರದೇ ವಯಸ್ಸಿನ ಒಬ್ಬರಿಗೂ ಅದೇ ಅಕ್ಷರ. ಅವರು ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡರು. ಅಣ್ಣ ಇನ್ನೂ ಹದಿನೇಳು ವರ್ಷ ಬಾಳಿ ಮೊಮ್ಮಕ್ಕಳನ್ನು ಆಡಿಸಿದರು. ಅಕ್ಷರ ಒಂದೇ ಆದರೂ ಬಾಳು ಹೀಗೇಕೆ ಬೇರೆಯಾಯಿತು ಎಂಬ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿತು.

ಆ ಅಕ್ಷರದ ಮೂಲ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆ. ಅಲ್ಲಿನ ರೋಗಶಾಸ್ತ್ರಜ್ಞ ಕತ್ಬರ್ಟ್ ಡ್ಯೂಕ್ಸ್ 1932ರಲ್ಲಿ ಗುದನಾಳದ ಕ್ಯಾನ್ಸರನ್ನು ಮೂರು ದರ್ಜೆಗಳಾಗಿ ವಿಂಗಡಿಸಿದರು: ಗಡ್ಡೆ ಕರುಳಿನ ಗೋಡೆಯೊಳಗೇ ಇದ್ದರೆ ಎ, ಗೋಡೆಯನ್ನು ದಾಟಿದ್ದರೆ ಬಿ, ದುಗ್ಧಗ್ರಂಥಿಗಳನ್ನು ತಲುಪಿದ್ದರೆ ಸಿ. ಮುಂದೆ ಇದನ್ನು ದೊಡ್ಡ ಕರುಳಿಗೂ ಅನ್ವಯಿಸಿದರು. ಇದೂ ಜಾಗದ ಲೆಕ್ಕವೇ. ಆದರೆ ಗಡ್ಡೆಯ ಜಾಗದ ಲೆಕ್ಕ. ಜೀವಕೋಶದೊಳಗೆ ಯಾವುದು ಎಲ್ಲಿದೆ ಎಂದು ನೋಡಲು ಬೇರೆ ಉಪಾಯ ಬೇಕಿತ್ತು. ಅದಕ್ಕೆ ದಾರಿ ತೋರಿದವರು ಅಮೆರಿಕದ ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು. ಪ್ರತಿಕಾಯಕ್ಕೆ ಹೊಳೆಯುವ ಬಣ್ಣವನ್ನು ಕೂಡಿಸುವ ವಿಧಾನವನ್ನು ಅವರು 1941ರಲ್ಲಿ ಪ್ರಕಟಿಸಿದರು. ಪ್ರತಿಕಾಯವು ತನಗೆ ಹೊಂದುವ ವಸ್ತುವನ್ನೇ ಹುಡುಕಿ ಹಿಡಿಯುವುದರಿಂದ, ಬಣ್ಣ ಕಂಡೆಡೆಯಲ್ಲಿ ಆ ವಸ್ತು ಇದೆಯೆಂದು ತಿಳಿಯಬಹುದು.

ಇನ್ನು ನಮ್ಮ ಕಥಾನಾಯಕನ ವಿಷಯ. ಜರ್ಮನಿಯ ರೋಲ್ಫ್ ಕೆಮ್ಲರ್ ಅವರ ತಂಡವು 1989ರಲ್ಲಿ, ಕೋಶಗಳನ್ನು ಪರಸ್ಪರ ಬೆಸೆಯುವಲ್ಲಿ ನೆರವಾಗುವ ಕೆಲವು ಪ್ರೋಟೀನುಗಳನ್ನು ಗುರುತಿಸಿ 'ಕೆಟೆನಿನ್' ಎಂದು ಹೆಸರಿಟ್ಟಿತು. ಲ್ಯಾಟಿನ್ನಿನಲ್ಲಿ ಕೆಟೇನ ಎಂದರೆ ಸರಪಳಿ. ಅವುಗಳಲ್ಲೊಂದು ಬೀಟಾ-ಕೆಟೆನಿನ್. ಅದರ ಸಹಜ ನೆಲೆ ಕೋಶಪೊರೆಯ ಅಂಚು. 1991ರಲ್ಲಿ, ಕರುಳಿನಲ್ಲಿ ನೂರಾರು ಗಂಟುಗಳು ಬೆಳೆಯುವ ವಂಶಗಳನ್ನು ಅಭ್ಯಸಿಸಿ ಅಮೆರಿಕ ಮತ್ತು ಜಪಾನಿನ ವಿಜ್ಞಾನಿಗಳು ಎಪಿಸಿ ಎಂಬ ಜೀನನ್ನು ಕಂಡುಹಿಡಿದರು. ಎಪಿಸಿ ಪ್ರೋಟೀನು ಬೀಟಾ-ಕೆಟೆನಿನನ್ನು ಹಿಡಿದುಕೊಳ್ಳುತ್ತದೆ ಎಂಬುದು 1993ರಲ್ಲಿ ತಿಳಿಯಿತು. ಹೆಚ್ಚಾದ ಬೀಟಾ-ಕೆಟೆನಿನನ್ನು ನಾಶಪಡಿಸುವ ವ್ಯವಸ್ಥೆಯಲ್ಲಿ ಎಪಿಸಿ ಒಂದು ಅಂಗ. ಎಪಿಸಿ ಕೆಟ್ಟರೆ ಬೀಟಾ-ಕೆಟೆನಿನ್ ಶೇಖರವಾಗಿ ಕೋಶಕೇಂದ್ರವನ್ನು ಹೊಕ್ಕು, ಕೋಶವು ವೃದ್ಧಿಯಾಗುವಂತೆ ಪ್ರೇರಿಸುವ ಜೀನುಗಳನ್ನು ಎಬ್ಬಿಸುತ್ತದೆ. 1997ರಲ್ಲಿ ಕರುಳಿನ ಕ್ಯಾನ್ಸರ್ ಕೋಶಗಳಲ್ಲಿ ಇದು ಸಿದ್ಧವಾಯಿತು. ಗಡಿಯಲ್ಲಿ ಬೆಸುಗೆಗಾರನಾಗಿದ್ದುದು ಒಳಮನೆ ಹೊಕ್ಕು ಯಜಮಾನಿಕೆ ನಡೆಸಿದಂತೆ!

ಹಾಗಾದರೆ ಅದರ ಜಾಗವನ್ನು ನೋಡಿ ರೋಗಿಯ ಮುಂದಿನ ಗತಿಯನ್ನು ಹೇಳಬಹುದೆ? 1998ರಲ್ಲಿ ಜರ್ಮನಿಯ ಥಾಮಸ್ ಬ್ರಾಬ್ಲೆಟ್ಸ್ ಮತ್ತು ಸಂಗಡಿಗರು ಒಂದು ಸೂಕ್ಷ್ಮವನ್ನು ಎತ್ತಿ ತೋರಿಸಿದರು. ಒಂದೇ ಗಡ್ಡೆಯಲ್ಲಿಯೂ ಈ ಪ್ರೋಟೀನು ಕೋಶಕೇಂದ್ರದಲ್ಲಿ ಹೆಚ್ಚಾಗಿ ಕಂಡುಬಂದದ್ದು ಗಡ್ಡೆಯು ಸುತ್ತಲಿನ ಅಂಗಾಂಶಕ್ಕೆ ನುಗ್ಗುವ ಅಂಚಿನಲ್ಲಿ. ನಡುಭಾಗದಲ್ಲಿ ಅಷ್ಟಾಗಿ ಅಲ್ಲ. ಬಳಿಕ ಹಲವು ಅಧ್ಯಯನಗಳು ಕೋಶಕೇಂದ್ರದಲ್ಲಿನ ಶೇಖರಣೆಗೂ ಅಲ್ಪಾಯುಸ್ಸಿಗೂ ಸಂಬಂಧವನ್ನು ಕಂಡವು, ಕೆಲವು ಕಾಣಲಿಲ್ಲ. ಗಡ್ಡೆಯ ಯಾವ ಭಾಗವನ್ನು ನೋಡಬೇಕು, ಎಷ್ಟು ಕೋಶಗಳಿಗೆ ಬಣ್ಣ ಹತ್ತಿದರೆ 'ಇದೆ' ಎನ್ನಬೇಕು ಎಂಬುದರಲ್ಲಿ ಒಬ್ಬೊಬ್ಬರ ಅಳತೆ ಒಂದೊಂದು. ಆದುದರಿಂದ ಇಂದಿಗೂ ಚಿಕಿತ್ಸೆಯ ನಿರ್ಧಾರಕ್ಕೆ ಮೊದಲ ಆಧಾರ ರೋಗದ ಹಂತವೇ. ಈ ಪ್ರೋಟೀನಿನ ಜಾಗವೊಂದನ್ನೇ ನಂಬಿ ಭವಿಷ್ಯ ನುಡಿಯುವವರಿಲ್ಲ.

ಅಣ್ಣನವರ ಮತ್ತು ಆ ನೆರೆಯವರ ಕೋಶಗಳಲ್ಲಿ ಏನಿತ್ತೋ ಯಾರೂ ನೋಡಲಿಲ್ಲ. ನೋಡಿದ್ದರೂ ಉತ್ತರ ಪೂರ್ತಿಯಾಗಿ ಸಿಗುತ್ತಿರಲಿಲ್ಲವೆಂದು ಈಗ ಬಲ್ಲೆ. ಒಂದಂತೂ ನಿಜ: ವರದಿಯ ಅಕ್ಷರವು ಅನೇಕರ ಸರಾಸರಿ, ಒಬ್ಬರ ಹಣೆಬರಹವಲ್ಲ. ರೋಗ ಎಷ್ಟು ಬೇಗ ಪತ್ತೆಯಾದರೆ ಅಷ್ಟು ಒಳ್ಳೆಯದು. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ನೀವೇ ತೀರ್ಮಾನಿಸದೆ ವೈದ್ಯರನ್ನು ಕಾಣಿರಿ. ಅಣ್ಣನ ಮಕ್ಕಳೇ, ಇದು ವಿಶೇಷವಾಗಿ ನಿಮಗೆ. ತಂದೆಗೆ ಬಂದ ರೋಗವಾದುದರಿಂದ ಸಂಕೋಚ ಬಿಟ್ಟು ತಪಾಸಣೆಯ ಬಗ್ಗೆ ವಿಚಾರಿಸಿಕೊಳ್ಳಿರಿ.