ಕೆರೆಯ ಕೆಳಗಿನ ಗದ್ದೆ

ಶಾಸನಗಳಲ್ಲಿ ಕೆರೆ ಕಟ್ಟಿಸಿದವರ ಹೊಗಳಿಕೆಯನ್ನು ಎಲ್ಲರೂ ಓದುತ್ತಾರೆ. ಹೊಗಳಿಕೆ ಮುಗಿದ ಮೇಲೆ ಬರುವ ಲೆಕ್ಕದ ಸಾಲುಗಳನ್ನು ಓದುವವರು ಕಡಿಮೆ. ಯಾವ ಗದ್ದೆ, ಎಷ್ಟು ಖಂಡುಗ ಬಿತ್ತನೆಯದು, ಅದರ ಎಲ್ಲೆ ಎಲ್ಲಿಂದ ಎಲ್ಲಿಗೆ, ಯಾರಿಗೆ ಕೊಟ್ಟದ್ದು, ಯಾವ ಕೆಲಸಕ್ಕಾಗಿ ಕೊಟ್ಟದ್ದು ಎಂಬ ವಿವರ ಇರುವುದು ಅಲ್ಲಿ. ನಮ್ಮ ಕೆರೆಗಳು ಶತಮಾನಗಟ್ಟಲೆ ಬಾಳಿದ್ದಕ್ಕೆ ಅರಸರ ಔದಾರ್ಯವನ್ನೋ ಹಿಂದಿನವರ ಧರ್ಮಬುದ್ಧಿಯನ್ನೋ ಕಾರಣವಾಗಿ ಹೇಳುವುದು ರೂಢಿ. ಅದಕ್ಕಿಂತ ಗಟ್ಟಿಯಾದ ಕಾರಣ ಈ ಲೆಕ್ಕದ ಸಾಲುಗಳಲ್ಲಿದೆ. ಎಷ್ಟು ಕೊಟ್ಟರು ಎಂಬುದಕ್ಕಿಂತ ಯಾವ ರೂಪದಲ್ಲಿ ಕೊಟ್ಟರು ಎಂಬುದು ಕೆರೆಯ ಆಯುಸ್ಸನ್ನು ನಿರ್ಧರಿಸಿತು. ಇಂದು ಕೆರೆಗಳ ಪುನಶ್ಚೇತನಕ್ಕೆ ಕೋಟಿಗಟ್ಟಲೆ ಅನುದಾನ ಹರಿಯುತ್ತಿರುವಾಗ ಆ ರೂಪವನ್ನು ತಿಳಿದುಕೊಳ್ಳುವುದರಲ್ಲಿ ಪ್ರಯೋಜನವಿದೆ.

ಕೆಲಸದ ಹರವನ್ನು ಮೊದಲು ನೋಡಬೇಕು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಹೆಸರಿನ 4ನೇ ಶತಮಾನದ ಬರಹ ಸಾರುವುದೇ ಅವನು ಕೆರೆ ಕಟ್ಟಿಸಿದ ಸಂಗತಿಯನ್ನು. ತಾಳಗುಂದದ ಸ್ತಂಭಶಾಸನ ಕಾಕುಸ್ಥವರ್ಮ ತೋಡಿಸಿದ ದೊಡ್ಡ ಕೆರೆಯ ನೆನಪಿಗಾಗಿ ಹುಟ್ಟಿದ್ದು. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಇಂದಿನ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಗೆ ಸಾವಿರ ಆಳು, ನೂರು ಬಂಡಿ, ಎರಡು ವರ್ಷ ಬೇಕಾಯಿತೆಂದು 1369ರ ಶಾಸನ ಲೆಕ್ಕ ಕೊಡುತ್ತದೆ. ಹೀಗೆ ಒಂದೊಂದಾಗಿ ಕೂಡಿಕೊಂಡ ಕೆರೆಗಳು ಎಷ್ಟು ನೆಲವನ್ನು ಆವರಿಸಿದ್ದವೆಂದರೆ, ಮೈಸೂರಿನ ಚೀಫ್ ಎಂಜಿನಿಯರ್ ಸ್ಯಾಂಕಿ 1866ರಲ್ಲಿ, ಸಂಸ್ಥಾನದ 27,269 ಚದರ ಮೈಲಿಗಳಲ್ಲಿ ಸುಮಾರು ಶೇ. 60 ಭಾಗ ಕೆರೆಗಳ ಜಾಲದೊಳಗೆ ಬಂದಿದೆ, ಅಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂದು ಬರೆದ. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಹೋಗುವಂಥ ಸರಣಿ ಅದು. ಒಂದರ ಏರಿ ಒಡೆದರೆ ಕೆಳಗಿನ ಐದಾರು ಕೆರೆಗಳಿಗೆ ಕುತ್ತು. ಆದ್ದರಿಂದ ಕಟ್ಟುವ ಖರ್ಚು ಇಲ್ಲಿ ಒಂದು ಸಲದ ಮಾತು. ಮುಗಿಯದ ಖರ್ಚೆಂದರೆ ಹೂಳೆತ್ತುವುದು, ಏರಿಗೆ ಮಣ್ಣು ಹಾಕುವುದು, ತೂಬು ಕೋಡಿಗಳನ್ನು ಕಾಯುವುದು.

ಈ ಮುಗಿಯದ ಖರ್ಚಿಗೆ ಹಿಂದಿನವರು ಕಂಡುಕೊಂಡ ದಾರಿ ನಗದಲ್ಲ, ನೆಲ. ಕೆರೆ ಕಟ್ಟಿಸಿದವನಿಗೆ ಅಥವಾ ಒಡೆದ ಕೆರೆಯನ್ನು ಸರಿಮಾಡಿದವನಿಗೆ ಅದೇ ಕೆರೆಯ ಅಚ್ಚುಕಟ್ಟಿನಲ್ಲಿ ತೆರಿಗೆಯಿಲ್ಲದ ಅಥವಾ ಕಡಿಮೆ ತೆರಿಗೆಯ ಗದ್ದೆ ಸಿಗುತ್ತಿತ್ತು, ಅದು ಕಟ್ಟುಕೊಡಗೆ. ನಿರ್ವಹಣೆಗೆಂದು ಬಿಟ್ಟ ಭೂಮಿ ಅಥವಾ ಬೆಳೆಯ ಪಾಲು ಬಿತ್ತುವಟ್ಟ. ತೆಲುಗು ಸೀಮೆಗೆ ತಾಗಿದ ಕಡೆ ಇದೇ ಬಗೆಯ ದತ್ತಿ ದಶವಂದ. ಏರಿಗೆ ಮಣ್ಣು ಹೇರುವ ಕೆರೆಬಂಡಿಗೂ ಅದನ್ನು ಹೊಡೆಯುವವನಿಗೂ ಪ್ರತ್ಯೇಕವಾಗಿ ಭೂಮಿ ಬಿಟ್ಟ ಶಾಸನಗಳಿವೆ. ನೀರು ಹಂಚುವ ನೀರಗಂಟಿ ಊರಿನ ಆಯಗಾರರಲ್ಲಿ ಒಬ್ಬ. ಅವನಿಗೆ ಸುಗ್ಗಿಯಲ್ಲಿ ಕಣದ ಪಾಲು, ಜೊತೆಗೆ ಮಾನ್ಯದ ತುಂಡು. ಇವೆಲ್ಲದರ ಒಳಗೆ ಕೆಲಸಮಾಡುವ ತರ್ಕ ಒಂದೇ. ಕೆರೆಯಲ್ಲಿ ನೀರು ನಿಂತರೆ ಮಾತ್ರ ಆ ಗದ್ದೆಗೆ ಬೆಲೆ. ಹೂಳು ತುಂಬಿದರೆ, ತೂಬು ಸೋರಿದರೆ, ದತ್ತಿ ಪಡೆದವನ ಹೊಲ ಬೀಳುಬೀಳುತ್ತದೆ. ಕಾಮಗಾರಿ ಸರಿಯಾಗಿದೆಯೇ ಎಂದು ಹೊರಗಿನಿಂದ ಯಾರೂ ಬಂದು ತಪಾಸಣೆ ಮಾಡಬೇಕಾಗಿರಲಿಲ್ಲ, ಆ ಕೆಲಸವನ್ನು ಪ್ರತಿ ವರ್ಷದ ಫಸಲೇ ಮಾಡುತ್ತಿತ್ತು.

ಶಾಸನಗಳು ದಾನ ಕೊಟ್ಟವರ ಪರವಾಗಿಯೇ ಮಾತಾಡುತ್ತವೆ, ಹಾಳಾದ ಕೆರೆಗಳು ಕಲ್ಲಿನ ಮೇಲೆ ತಮ್ಮ ಕಥೆ ಬರೆಸಿಕೊಂಡಿಲ್ಲ ಎಂಬ ಆಕ್ಷೇಪಣೆ ಸರಿಯಾದದ್ದೇ. ಆದರೆ ಸೋಲುಗಳು ಪೂರ್ತಿ ಮರೆಯಾಗಿಲ್ಲ. ಹರಿಹರದ ಬಳಿ ಹರಿದ್ರಾ ಹೊಳೆಗೆ 1410ರ ಹೊತ್ತಿಗೆ ಕಟ್ಟಿದ ಅಣೆ ಒಡೆದದ್ದೂ 1424ರಲ್ಲಿ ಅದನ್ನು ಮತ್ತೆ ಕಟ್ಟಿಸಿದ್ದೂ ದಾಖಲಾಗಿದೆ. ಕೆರೆಯೋ ಅಣೆಯೋ ಎಂದೂ ಒಡೆಯಲಿಲ್ಲ ಎಂಬುದು ಇಲ್ಲಿನ ವಾದವಲ್ಲ; ಒಡೆದಾಗ ಮತ್ತೆ ಕಟ್ಟುವುದರಲ್ಲಿ ಲಾಭವಿದ್ದವರು ಊರಲ್ಲೇ ಇದ್ದರು ಎಂಬುದು ಮುಖ್ಯ. ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಕಟುವಾದದ್ದು. ತೂಬಿನ ಬುಡದ ಒಳ್ಳೆಯ ಗದ್ದೆ ದೇವಸ್ಥಾನಕ್ಕೆ, ಅಗ್ರಹಾರಕ್ಕೆ, ಗೌಡನಿಗೆ ಹೋಗುತ್ತಿತ್ತು. ಮಣ್ಣು ಹೊತ್ತವರ ಪಾಲಿಗೆ ಬಂದದ್ದು ಬಹಳ ಕಡೆ ಬಿಟ್ಟಿ ದುಡಿಮೆ. ಹಲವು ಊರುಗಳಲ್ಲಿ ದಲಿತರೇ ನೀರಗಂಟಿಗಳಾಗಿದ್ದರು, ಅವರು ಹಂಚುತ್ತಿದ್ದ ನೀರಿನ ಹೆಚ್ಚಿನ ಪಾಲು ಹರಿದದ್ದು ಬೇರೆಯವರ ಗದ್ದೆಗೆ. ಇದನ್ನು ಮರೆಮಾಚಿ ಹಳೆಯ ವ್ಯವಸ್ಥೆಯನ್ನು ಹಾಡಿ ಹೊಗಳುವುದು ಅಪ್ರಾಮಾಣಿಕತೆ. ಆದರೂ ಅನ್ಯಾಯವಿದ್ದದ್ದು ಫಲ ಯಾರಿಗೆ ಎಂಬ ಹಂಚಿಕೆಯಲ್ಲಿ. ಫಲವನ್ನೂ ಹೊಣೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಉಪಾಯದಲ್ಲಲ್ಲ. ಹಂಚಿಕೆಯನ್ನು ತಿದ್ದಿ ಗಂಟನ್ನು ಉಳಿಸಿಕೊಳ್ಳುವುದು ಅಸಾಧ್ಯವಾಗಿರಲಿಲ್ಲ.

ಇತಿಹಾಸದಲ್ಲಿ ಆದದ್ದು ಬೇರೆ. ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿ, 1866ರಲ್ಲಿ ನೇಮಕವಾದ ಇನಾಂ ಕಮಿಷನ್ ದತ್ತಿ ಭೂಮಿಗಳ ಹಕ್ಕುಪತ್ರಗಳನ್ನು ಪರಿಶೀಲಿಸತೊಡಗಿತು. ಕಂದಾಯದ ಕಣ್ಣಿಗೆ ಕೊಡಗೆಯ ಗದ್ದೆ ಎಂದರೆ ಬೊಕ್ಕಸಕ್ಕೆ ಬಾರದೆ ಉಳಿದ ಆದಾಯ. ಕೆರೆಯ ಹೊಣೆ ನಿಧಾನವಾಗಿ ಲೋಕೋಪಯೋಗಿ ಇಲಾಖೆಯ ಎಸ್ಟಿಮೇಟಿಗೆ ಸರಿಯಿತು. ಚಿಕ್ಕ ಕೆರೆಗಳಲ್ಲಿ ಮಣ್ಣಿನ ಕೆಲಸ ರೈತರದು, ಕಲ್ಲುಗಾರೆಯ ಕೆಲಸ ಸರ್ಕಾರದ್ದು ಎಂಬ ಹಂಚಿಕೆ ಬಂತು. 1911ರಲ್ಲಿ ಕೆರೆ ಪಂಚಾಯಿತಿಗಳ ಕಾನೂನೂ ಬಂತು. ಕರ್ತವ್ಯ ಹೇರಿದ್ದಾಯಿತು, ಅದಕ್ಕೆ ಅಂಟಿಕೊಂಡಿದ್ದ ಆದಾಯ ಮಾತ್ರ ಕೆರೆಗೆ ಮರಳಲಿಲ್ಲ. ಸ್ವಾತಂತ್ರ್ಯಾನಂತರ 1954 ಮತ್ತು 1955ರ ಇನಾಂ ರದ್ದತಿ ಕಾಯ್ದೆಗಳೂ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯೂ ಹುಟ್ಟಿನಿಂದ ಬಂದ ಊಳಿಗದಿಂದ ಜನರನ್ನು ಬಿಡಿಸಿದವು. ಅದು ಆಗಲೇಬೇಕಾಗಿದ್ದ ಬಿಡುಗಡೆ. ಆದರೆ ಮಾನ್ಯದ ಜಮೀನು ಹಿಡುವಳಿದಾರನಿಗೆ ಮರುಮಂಜೂರಾದಾಗ ಅದಕ್ಕೆ ಕಟ್ಟಿದ್ದ ಕೆಲಸ ಕಳಚಿಹೋಯಿತು, ಆ ಕೆಲಸಕ್ಕೆ ಬದಲಿ ಏರ್ಪಾಡು ಆಗಲಿಲ್ಲ. 40 ಹೆಕ್ಟೇರಿಗಿಂತ ದೊಡ್ಡ ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕದು ಪಂಚಾಯತಿಗೆ ಎಂಬ ಗೆರೆ ಎಳೆದ ಮೇಲೆ, ಒಂದೇ ಹಳ್ಳದ ಸರಣಿಯ ಕೆರೆಗಳು ಎರಡು ಕಡತಗಳಲ್ಲಿ ಹಂಚಿಹೋದವು.

ಅನುದಾನದ ಯುಗ ಬಂದದ್ದು ಈ ಖಾಲಿ ಜಾಗಕ್ಕೆ. ವಿಶ್ವಬ್ಯಾಂಕಿನ ಸಾಲದ ನೆರವಿನಿಂದ 2002ರಲ್ಲಿ ಶುರುವಾದ ಸಮುದಾಯ ಆಧಾರಿತ ಕೆರೆ ಯೋಜನೆ ಸುಮಾರು 2000 ಕೆರೆಗಳನ್ನು ಗುರಿಯಾಗಿಟ್ಟುಕೊಂಡಿತು. ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ ಊರೂರಲ್ಲಿ ಕೆರೆ ಬಳಕೆದಾರರ ಸಂಘ ಕಟ್ಟಿ, ರೈತರಿಂದಲೂ ಪಾಲು ಕೇಳಿತು. ಊರವರನ್ನು ಮತ್ತೆ ಕೆರೆಗೆ ಕರೆತರುವ ಆ ಯೋಚನೆ ಒಳ್ಳೆಯದೇ. ಆದರೆ ಯೋಜನೆಗೆ ಮುಕ್ತಾಯದ ತಾರೀಖು ಇರುತ್ತದೆ, ಹೂಳಿಗೆ ಇರುವುದಿಲ್ಲ. ಇಂಥ ಹಣ ಹೂಳೆತ್ತುವ ಜೆಸಿಬಿಗೆ, ಏರಿಯ ಕಲ್ಲುಹೊದಿಕೆಗೆ, ಬೇಲಿಗೆ ಸುಲಭವಾಗಿ ಸಲ್ಲುತ್ತದೆ. ಇಪ್ಪತ್ತು ವರ್ಷ ತೂಬು ಕಾಯುವವನ ಕೂಲಿಗೆ, ಮೇಲ್ಗಡೆಯ ಹಳ್ಳ ಒತ್ತುವರಿಯಾಗದಂತೆ ನೋಡಿಕೊಳ್ಳುವ ಕೆಲಸಕ್ಕೆ ಸಲ್ಲುವುದಿಲ್ಲ. ಆವಾಸ ರಕ್ಷಣೆಯ ದೃಷ್ಟಿಯಿಂದಲೂ ಇದು ಗಂಭೀರ ವಿಷಯ. ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ ಅಂಕಸಮುದ್ರ ಮತ್ತು ಮಾಗಡಿ ಕೆರೆಗಳೆರಡೂ ಬೇಸಾಯಕ್ಕೆಂದು ಮನುಷ್ಯರು ಕಟ್ಟಿದವು. ಪಟ್ಟೆತಲೆ ಹೆಬ್ಬಾತು ಮಾಗಡಿಗೆ ಬಂದಿಳಿಯುವುದು ರೈತರ ಏರಿ ನೀರು ಹಿಡಿದಿಟ್ಟಿರುವುದರಿಂದ. ಬೇಸಾಯದ ಕೆರೆ ಸತ್ತರೆ ಹಕ್ಕಿಯ ಕೆರೆಯೂ ಇಲ್ಲ.

ಕೆರೆಯನ್ನು ಕೊಂದದ್ದು ಅನುದಾನದ ರೂಪವಲ್ಲ, ಬೋರ್‌ವೆಲ್ ಎಂದು ಹೇಳುವವರಿದ್ದಾರೆ. ತನ್ನ ಹೊಲದಲ್ಲೇ ನೀರು ಚಿಮ್ಮಿದ ರೈತನಿಗೆ ತೂಬಿನ ಹಂಗೇಕೆ? ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಬೋರ್‌ವೆಲ್ ಬಂದ ಮೇಲೆ ಕೆರೆಯ ಮೇಲಿನ ಅವಲಂಬನೆ ಕಣ್ಣಿಗೆ ಕಾಣದಂತಾಯಿತು, ಇಲ್ಲವಾಗಲಿಲ್ಲ. ಕೆರೆ ತುಂಬಿದ ವರ್ಷ ಕೆಳಗಿನ ಕೊಳವೆಬಾವಿಗಳಲ್ಲಿ ನೀರು ಮೇಲೇರುವುದನ್ನು ಕೋಲಾರ, ತುಮಕೂರಿನ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಿಂದೆ ಗದ್ದೆಯ ಪಾಲಿನಲ್ಲಿ ಲೆಕ್ಕಕ್ಕೆ ಸಿಗುತ್ತಿದ್ದ ಉಪಕಾರ ಈಗ ಲೆಕ್ಕಕ್ಕೆ ಸಿಗದೆ ಪುಕ್ಕಟೆಯಾಗಿದೆ. ಅಂದರೆ ಬೋರ್‌ವೆಲ್ಲಿನ ಉದಾಹರಣೆಯೂ ಇದೇ ವಾದಕ್ಕೆ ಸಾಕ್ಷಿ: ಕೆರೆಯ ಫಲ ಉಣ್ಣುವವನಿಗೂ ಕೆರೆಯ ಹೊಣೆಗೂ ನಡುವಿನ ಕೊಂಡಿ ಕಳಚಿದಲ್ಲಿ ಕೆರೆ ಅನಾಥ.

ಇಂದು ಯಾರೂ ಕಟ್ಟುಕೊಡಗೆಯ ಗದ್ದೆ ಹಂಚಲಾರರು, ಹಂಚಲೂಬಾರದು. ಕೊಂಡಿಯನ್ನು ಬೇರೆ ಬಗೆಯಲ್ಲಿ ಬೆಸೆಯಬಹುದು. ಮೀನು ಹರಾಜಿನ ಹಣ, ಗೋಡುಮಣ್ಣಿನ ಬೆಲೆ, ಅಚ್ಚುಕಟ್ಟಿನ ಬಾವಿಗಳವರು ಕೊಡಬಹುದಾದ ಸಣ್ಣ ವಂತಿಗೆ, ಇವು ಬೇರೆ ಖಾತೆಗೆ ಹೋಗದೆ ಆ ಕೆರೆಯ ಹೆಸರಿನ ನಿಧಿಯಲ್ಲೇ ನಿಲ್ಲಬೇಕು. ಅದರ ಮೇಲೆ ಭೂಮಿಯಿಲ್ಲದವರಿಗೂ ಹಕ್ಕಿರಬೇಕು. ಅನುದಾನ ಕೊಡುವವರು ಮೊತ್ತದ ಒಂದು ಭಾಗವನ್ನು ಕಾಮಗಾರಿಗೆ ಸುರಿಯದೆ ಈ ನಿಧಿಗೆ ಇಡುಗಂಟಾಗಿ ಇಟ್ಟು, ನೀರು ನಿಂತ ವರ್ಷಗಳನ್ನು ನೋಡಿ ಬಿಡುಗಡೆ ಮಾಡಬೇಕು. ಹಾಗೆ ಮಾಡಿದರೆ ಉದ್ಘಾಟನೆಯ ಫಲಕಗಳು ಕಡಿಮೆಯಾಗುತ್ತವೆ, ಒಂದು ವರ್ಷದಲ್ಲಿ ತೋರಿಸಬಹುದಾದ ಕೆರೆಗಳ ಸಂಖ್ಯೆಯೂ ಇಳಿಯುತ್ತದೆ. ಹತ್ತು ವರ್ಷದ ನಂತರ ಅದೇ ಕೆರೆಗೆ ಅದೇ ಹೂಳೆತ್ತಲು ಮತ್ತೆ ಟೆಂಡರ್ ಕರೆಯುವುದಕ್ಕಿಂತ ಆ ನಷ್ಟ ಅಗ್ಗದ್ದು.