ದಣಿದ ಕೂಸಿನ ಹಗಲುನಿದ್ದೆ: ಮಂಗಳೂರಿನ ಮನೆಗಳ ಸಂದರ್ಭದಲ್ಲಿ ಒಂದು ಟಿಪ್ಪಣಿ

1. ವ್ಯಾಪ್ತಿ

ಈ ಟಿಪ್ಪಣಿ 3 ವರ್ಷದೊಳಗಿನ ಮಕ್ಕಳ ಹಗಲುನಿದ್ದೆಗೆ ಸೀಮಿತ. ಹೊತ್ತು ಮೀರಿ ಎಚ್ಚರವಿದ್ದು ರಚ್ಚೆ ಹಿಡಿದ ಕೂಸು ಕೊನೆಗೆ ಮಲಗಿದರೂ ಮುಕ್ಕಾಲು ಗಂಟೆಯೊಳಗೆ ಎದ್ದುಬಿಡುತ್ತದೆ ಎಂಬುದು ಹೆತ್ತವರ ಸಾಮಾನ್ಯ ಅನುಭವ. ಇದಕ್ಕೆ ಅತಿ ದಣಿವೇ ಕಾರಣ ಎನ್ನುವುದು ವಾಡಿಕೆ. ಲಭ್ಯ ಆಧಾರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ದಣಿವಿಗಿಂತ ಎರಡು ಘಟ್ಟಗಳು ಹೆಚ್ಚು ಗಮನಾರ್ಹವೆಂದು ತೋರುತ್ತದೆ: ಮಗುವನ್ನು ಮೈಯಿಂದ ಬಿಡಿಸಿ ಮಲಗಿಸುವ ಕ್ಷಣ ಮತ್ತು ಮೊದಲ ನಿದ್ರಾಚಕ್ರ ಮುಗಿಯುವ ಹೊತ್ತು.

2. ಪ್ರಮಾಣ: ಮೂರು ಪಟ್ಟಿಗಳು

ಅಮೆರಿಕದ ರಾಷ್ಟ್ರೀಯ ನಿದ್ರಾ ಪ್ರತಿಷ್ಠಾನ (2015) 4–11 ತಿಂಗಳಿಗೆ ದಿನಕ್ಕೆ 12–15 ಗಂಟೆ ನಿದ್ದೆ ಬೇಕೆನ್ನುತ್ತದೆ. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ (2016) 4–12 ತಿಂಗಳಿಗೆ 12–16 ಗಂಟೆ, ವಿಶ್ವ ಆರೋಗ್ಯ ಸಂಸ್ಥೆ (2019) 4–11 ತಿಂಗಳಿಗೆ 12–16 ಗಂಟೆ ಎನ್ನುತ್ತವೆ. 1–2 ವರ್ಷಕ್ಕೆ ಮೂರೂ 11–14 ಗಂಟೆಯನ್ನು ಒಪ್ಪುತ್ತವೆ. 4 ತಿಂಗಳೊಳಗಿನವರಿಗೆ ಎರಡು ಪಟ್ಟಿಗಳು 14–17 ಗಂಟೆ ಎಂದರೆ, ಅಕಾಡೆಮಿ ಯಾವ ಶಿಫಾರಸನ್ನೂ ಮಾಡಿಲ್ಲ. ಇವೆಲ್ಲ 24 ಗಂಟೆಗಳ ಮೊತ್ತ. ಹಗಲುನಿದ್ದೆಗೆ ಪ್ರತ್ಯೇಕ ಅವಧಿಯನ್ನು ಯಾವುದೂ ನಿಗದಿಪಡಿಸಿಲ್ಲ. ಆದ್ದರಿಂದ ‘ಮಗು ಹಗಲು ಕಡಿಮೆ ಮಲಗುತ್ತದೆ’ ಎಂದು ತೀರ್ಮಾನಿಸುವ ಮೊದಲು ರಾತ್ರಿಯ ಲೆಕ್ಕವನ್ನೂ ಸೇರಿಸಬೇಕು.

ಭಾರತವೂ ಒಳಗೊಂಡಂತೆ 17 ದೇಶ-ಪ್ರದೇಶಗಳ 29,287 ಮಕ್ಕಳ ಬಗ್ಗೆ ಮಿಂಡೆಲ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಏಷ್ಯಾದ ಮಕ್ಕಳು ತಡವಾಗಿ ಮಲಗುವುದೂ ಒಟ್ಟು ಕಡಿಮೆ ನಿದ್ರಿಸುವುದೂ ಕಂಡಿತು. ಹಗಲುನಿದ್ದೆಯಲ್ಲಿ ಮಾತ್ರ ವ್ಯತ್ಯಾಸ ಅಲ್ಪ. ಮಾಹಿತಿ ಹೆತ್ತವರ ಹೇಳಿಕೆಯದು, ಉಪಕರಣದ ಅಳತೆಯಲ್ಲ.

3. ದಣಿವಿನ ವಾದ

ಬೊರ್ಬೆಲಿ 1982ರಲ್ಲಿ ಮಂಡಿಸಿದ ಮಾದರಿಯ ಪ್ರಕಾರ ಎಚ್ಚರದ ಅವಧಿ ಹೆಚ್ಚಿದಂತೆ ನಿದ್ದೆಯ ಒತ್ತಡವೂ ಏರುತ್ತದೆ. ಹಗಲುನಿದ್ದೆ ತಪ್ಪಿದ ಪುಟ್ಟ ಮಕ್ಕಳು ಅಂದು ರಾತ್ರಿ ಬೇಗ ನಿದ್ದೆಹೋದರು, ಗಾಢವಾಗಿಯೂ ಮಲಗಿದರು ಎಂಬ 2016ರ ಪ್ರಯೋಗದ ಫಲಿತಾಂಶ ಇದಕ್ಕೆ ಹೊಂದುತ್ತದೆ. ಆದರೆ ಅಲ್ಲಿ ಅಳೆದದ್ದು ರಾತ್ರಿಯ ನಿದ್ದೆಯನ್ನು. ಬರ್ಗರ್ ಮತ್ತು ಸಂಗಡಿಗರ 2012ರ ಅಧ್ಯಯನದಲ್ಲಿ (30–36 ತಿಂಗಳ 10 ಮಕ್ಕಳು) ಹಗಲುನಿದ್ದೆ ತಪ್ಪಿದ ದಿನ, ಬಿಡಿಸಬಹುದಾದ ಒಗಟಿನ ಮುಂದೆ ಸಂತೋಷದ ಪ್ರತಿಕ್ರಿಯೆ 34% ತಗ್ಗಿತು. ಬಿಡಿಸಲಾಗದ ಒಗಟಿನ ಮುಂದೆ ಅಸಮಾಧಾನ 31% ಏರಿತು. ಅಂದರೆ ದಣಿವಿನಿಂದ ಹಠ ಹೆಚ್ಚುತ್ತದೆ ಎನ್ನಲು ಆಧಾರವಿದೆ, ಮಾದರಿ ಚಿಕ್ಕದಾದರೂ. ದಣಿವೇ ನಿದ್ದೆಯನ್ನು ಮೊಟಕುಗೊಳಿಸುತ್ತದೆ ಎಂಬುದು ಇವುಗಳಿಂದ ಸಿದ್ಧವಾಗುವುದಿಲ್ಲ.

4. ಮೊದಲ ಘಟ್ಟ: ಮಲಗಿಸುವ ಕ್ಷಣ

ಜಪಾನಿನ ರಿಕೆನ್ ಸಂಸ್ಥೆಯ ಸಂಶೋಧಕರು 2022ರಲ್ಲಿ 7 ತಿಂಗಳವರೆಗಿನ 21 ಶಿಶುಗಳ ಮೇಲಿನ ಅಧ್ಯಯನ ಪ್ರಕಟಿಸಿದರು. ಎತ್ತಿಕೊಂಡು 5 ನಿಮಿಷ ನಡೆದಾಗ ಅಳು ನಿಂತು, ಸುಮಾರು ಅರ್ಧದಷ್ಟು ಶಿಶುಗಳು ನಿದ್ದೆಹೋದವು. ಕೆಳಗೆ ಮಲಗಿಸಿದಾಗ ಮೂರನೇ ಒಂದು ಭಾಗಕ್ಕೂ ಹೆಚ್ಚು ಶಿಶುಗಳು 20 ಸೆಕೆಂಡಿನೊಳಗೆ ಎಚ್ಚೆತ್ತವು. ಎಚ್ಚರದ ಸೂಚನೆ ಕಂಡದ್ದು ಹಾಸಿಗೆ ತಾಗಿದಾಗಲ್ಲ, ತಾಯಿಯ ಮೈಯಿಂದ ಬೇರ್ಪಡುವಾಗ. ನಿದ್ದೆ ಹತ್ತಿದ ಮೇಲೆ 5–8 ನಿಮಿಷ ಎತ್ತಿಕೊಂಡೇ ಕುಳಿತು ಬಳಿಕ ಮಲಗಿಸುವುದು ಅವರ ಸಲಹೆ.

5. ಎರಡನೇ ಘಟ್ಟ: ಚಕ್ರದ ಕೊನೆ ಮತ್ತು ತೊಟ್ಟಿಲು

ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ 1955ರಲ್ಲೇ ಶಿಶುಗಳ ನಿದ್ದೆಯಲ್ಲಿ ಸುಮಾರು 50–60 ನಿಮಿಷಗಳ ಆವರ್ತನೆಯನ್ನು ಗುರುತಿಸಿದ್ದರು; ವಯಸ್ಕರಲ್ಲಿ ಇದು ಸರಾಸರಿ 90 ನಿಮಿಷದ ಆಸುಪಾಸು. ಮುಕ್ಕಾಲು ಗಂಟೆಯ ನಿದ್ದೆ ಈ ಚಕ್ರದ ಅಂಚಿಗೆ ಸಮೀಪವಿರುವುದು ಆಕಸ್ಮಿಕವಲ್ಲದಿರಬಹುದು. ಮಗು ಮಿಸುಕಾಡುವ ಹೊತ್ತಿಗೆ ತೊಟ್ಟಿಲಿನ ಹಗ್ಗ ಎಳೆದು ಮತ್ತೆ ತೂಗುವ ಮನೆರೂಢಿ ಸರಿಯಾಗಿ ಈ ಸಂದರ್ಭಕ್ಕೇ ಸಲ್ಲುತ್ತದೆ.

ಜಿನೀವಾದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಧ್ಯಾಹ್ನ ತೂಗುವ ಹಾಸಿಗೆಯಲ್ಲಿ ಮಲಗಿದ ವಯಸ್ಕರು ಬೇಗ ನಿದ್ದೆಹೋದರು. ತೂಗಿನ ಗತಿ 0.25 ಹರ್ಟ್ಸ್, ಅಂದರೆ 4 ಸೆಕೆಂಡಿಗೆ ಒಂದು ಪೂರ್ಣ ತೂಗು. ಶಿಶುಗಳಿಗೆ ಇದನ್ನು ನೇರವಾಗಿ ಅನ್ವಯಿಸಲಾಗದು. ಆದರೂ ಹೋಲಿಕೆಗಾಗಿ ಸರಳ ಲೋಲಕದ ಸೂತ್ರದಿಂದ ಲೆಕ್ಕ ಹಾಕಬಹುದು. ತೂಗುಬಿಂದುವಿನಿಂದ ಮಗುವಿನವರೆಗೆ 0.6 ಮೀಟರ್ ಇರುವ ಸ್ಟ್ಯಾಂಡ್ ತೊಟ್ಟಿಲಿಗೆ ಒಂದು ತೂಗಿಗೆ ಸುಮಾರು 1.6 ಸೆಕೆಂಡ್, ಚಾವಣಿಯ ಕೊಕ್ಕೆಯಿಂದ 2.25 ಮೀಟರ್ ಇಳಿದ ತೊಟ್ಟಿಲಿಗೆ ಸುಮಾರು 3 ಸೆಕೆಂಡ್. ಮಂಗಳೂರಿನ ಹಳೆಯ ಹೆಂಚಿನ ಮನೆಯ ತೊಲೆಗೆ ಉದ್ದ ಹಗ್ಗದಲ್ಲಿ ಕಟ್ಟಿದ ತೊಟ್ಟಿಲು ಪ್ರಯೋಗದ ಗತಿಗೆ ಹೆಚ್ಚು ಹತ್ತಿರ. ಫ್ಲ್ಯಾಟಿನ ಸ್ಟ್ಯಾಂಡ್ ತೊಟ್ಟಿಲು ದೂರ. ಮೇಲೆ-ಕೆಳಗೆ ಪುಟಿಯುವ ಸ್ಪ್ರಿಂಗ್ ಜೋಲಿಗೆ ಈ ಲೆಕ್ಕ ಸಲ್ಲದು.

6. ಗಡಿಯಾರ ಮತ್ತು ಸೆಖೆ

ಮಂಗಳೂರು ಸುಮಾರು 74.8° ಪೂರ್ವ ರೇಖಾಂಶದಲ್ಲಿದೆ. ಭಾರತೀಯ ಕಾಲಮಾನದ ರೇಖಾಂಶ 82.5°. ಆದ್ದರಿಂದ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12:31ಕ್ಕೆ. ನವೆಂಬರ್ ಮೊದಲಲ್ಲಿ 12:14ರ, ಫೆಬ್ರುವರಿ ನಡುವಿನಲ್ಲಿ 12:45ರ ಸುಮಾರಿಗೆ. ಕೋಲ್ಕತ್ತದ ಸರಾಸರಿ 11:37ರ ಆಸುಪಾಸು. ಗಡಿಯಾರದ ಗಂಟೆ ಹಿಡಿದು ಬರೆದ ನಿದ್ದೆಯ ವೇಳಾಪಟ್ಟಿ ಎರಡೂ ಊರುಗಳಿಗೆ ಒಂದೇ ಬೆಳಕನ್ನು ಸೂಚಿಸುವುದಿಲ್ಲ. ಕಣ್ಣುಜ್ಜುವುದು, ಆಕಳಿಕೆ, ನೋಟ ಬೇರೆಡೆ ತಿರುಗಿಸುವುದು ಮುಂತಾದ ಲಕ್ಷಣಗಳು ಅದಕ್ಕಿಂತ ನಂಬಲರ್ಹ ಎನ್ನಬಹುದು. ಮಲಗಿಸಬೇಕಾದದ್ದು ರಚ್ಚೆಗೆ ಮೊದಲು, ಈ ಲಕ್ಷಣಗಳು ಕಂಡಾಗಲೇ. ಮಾರ್ಚ್–ಮೇ ಸೆಖೆಯಲ್ಲಿ ತೆಳು ಹತ್ತಿ ಬಟ್ಟೆ, ಫ್ಯಾನ್ ಗಾಳಿ, ತೆರೆದ ತಲೆ ಸಾಕು. ಕುಲಾವಿ, ಹೊದಿಕೆ ಬೇಡ.

7. ಸುರಕ್ಷತೆಯ ಮಿತಿ

ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನ 2022ರ ಹೇಳಿಕೆ 1 ವರ್ಷದೊಳಗಿನ ಶಿಶುವಿಗೆ ಅಂಗಾತ ಭಂಗಿ ಹಾಗೂ ಗಟ್ಟಿಯಾದ, ಸಮತಟ್ಟಾದ ಹಾಸನ್ನು ವಿಧಿಸುತ್ತದೆ. 10 ಡಿಗ್ರಿಗಿಂತ ಹೆಚ್ಚಿನ ಇಳಿಜಾರು ಅಸುರಕ್ಷಿತ. ಸೀರೆಯ ಜೋಲಿಯಲ್ಲಿ ಬೆನ್ನು ಬಾಗಿ ಗದ್ದ ಎದೆಗೆ ತಾಗುವುದರಿಂದ ಅದು ಈ ಷರತ್ತಿಗೆ ಹೊಂದದು. ಸಮತಟ್ಟಾದ ಹಲಗೆತಳದ, ದಿಂಬಿಲ್ಲದ ಮರದ ತೊಟ್ಟಿಲು ಹೆಚ್ಚು ಹೊಂದುತ್ತದೆ. ಎಳೆಯುವ ಹಗ್ಗ ಮಗುವಿನ ಕೈಗೆ ಎಟುಕಬಾರದು. ಮಗು ತಾನಾಗಿ ಎದ್ದು ಕೂರಲು ತೊಡಗಿದ ಮೇಲೆ ಬೀಳುವ ಅಪಾಯವಿರುವುದರಿಂದ ನೆಲದ ಹಾಸಿಗೆಯೇ ಲೇಸು.

8. ತಾತ್ಕಾಲಿಕ ನಿಲುವು

ಜೋಲಿಯಲ್ಲಿ ಮಲಗಿಸಿ ಹಾಸಿಗೆಗೆ ಸಾಗಿಸಿದರೆ ಮೊದಲ ಘಟ್ಟ ಮತ್ತೆ ಎದುರಾಗುತ್ತದೆ. ಹಲಗೆ ತೊಟ್ಟಿಲಿನಲ್ಲಿ ತೂಗುವುದು ಮಲಗಿಸಿದ ಬಳಿಕವಾದ್ದರಿಂದ ಎರಡೂ ಘಟ್ಟಗಳನ್ನು ಅಲ್ಲೇ ದಾಟಿಸುವ ಸಾಧ್ಯತೆಯಿದೆ. ಇದು ಎಳೆಯ ಶಿಶುಗಳಿಗೆ ಮಾತ್ರ ಅನ್ವಯ. 2 ವರ್ಷ ದಾಟಿದವರಲ್ಲಿ ಹಗಲುನಿದ್ದೆಯು ರಾತ್ರಿ ತಡವಾಗಿ ನಿದ್ದೆ ಹತ್ತುವುದರೊಂದಿಗೆ ಸಂಬಂಧ ಹೊಂದಿದೆ ಎಂದು ಥಾರ್ಪ್ ಮತ್ತು ಸಂಗಡಿಗರ 2015ರ ಅಧ್ಯಯನಗಳ ಪರಾಮರ್ಶೆ ಹೇಳುತ್ತದೆ. ಆ ವಯಸ್ಸಿನಲ್ಲಿ ಹಗಲುನಿದ್ದೆಯನ್ನು ಉದ್ದಗೊಳಿಸುವ ಮುನ್ನ ರಾತ್ರಿ ನಿದ್ದೆ ಹತ್ತುವ ಹೊತ್ತನ್ನು ಕೆಲವು ದಿನ ಬರೆದಿಟ್ಟು ನೋಡುವುದು ಯುಕ್ತ.