ಹೊಳೆಯ ತಳ, ಜೇಡನ ನೂಲು

ಸೇತುವೆಗಳ ಚರಿತ್ರೆಯನ್ನು ಓದುವಾಗ ನನಗೆ ಸೋಜಿಗವೆನಿಸಿದ ಸಂಗತಿಯೊಂದುಂಟು. ಮೇಲಿನ ಹೊರೆಯನ್ನು ತಾಳಿಕೊಂಡು ದಶಕಗಳ ಕಾಲ ನಿಂತ ಎಷ್ಟೋ ಸೇತುವೆಗಳು ಕಾಲಡಿಯ ಮಣ್ಣು ಜಾರಿದ್ದರಿಂದ ಒಂದೇ ಪ್ರವಾಹದಲ್ಲಿ ಉರುಳಿವೆ.

ಕಂಬಕ್ಕೆ ಬಡಿದ ನೀರಿನ ಒಂದು ಪಾಲು ಕೆಳಕ್ಕೆ ಧುಮುಕುತ್ತದೆ. ತಳವನ್ನು ಮುಟ್ಟಿ ಸುಳಿಯಾಗಿ, ಕುದುರೆಲಾಳದ ಆಕಾರದಲ್ಲಿ ಕಂಬವನ್ನು ಬಳಸಿಕೊಂಡು ಹರಿಯುತ್ತದೆ. ಆ ಸುಳಿಯೇ ಮರಳನ್ನು ತೋಡುವುದು. ಹೊಳೆ ಉಕ್ಕಿದಾಗ ಗುಂಡಿ ಆಳವಾಗುತ್ತದೆ. ಇಳಿಯುವಾಗ ಅದೇ ಹೊಳೆ ಹೊಸ ಮರಳನ್ನು ತಂದು ಅದನ್ನು ಮುಚ್ಚುತ್ತದೆ. ಬೇಸಗೆಯಲ್ಲಿ ಅಳೆಯಲು ಬಂದವನಿಗೆ ಕಾಣುವುದು ಸಮತಟ್ಟಾದ ತಳ. ತಾನು ಮಾಡಿದ ಕೇಡಿನ ಗುರುತನ್ನು ಹೊಳೆ ತಾನೇ ಅಳಿಸಿ ಹೋಗಿರುತ್ತದೆ.

ಹಿಂದಿನವರ ಸಾಧನ ಹುರಿಗೆ ಕಟ್ಟಿದ ಸೀಸದ ಗುಂಡು. ಹುರಿ ನೀರಿನ ಆಳವನ್ನು ಹೇಳೀತು; ಆದರೆ ನೀರಿನ ಮಟ್ಟವೇ ದಿನಕ್ಕೊಂದು ಬಗೆ. ಆದುದರಿಂದ ದಡದ ಮೇಲಿನ ಸ್ಥಿರವಾದ ಗುರುತಿಗೆ ಹೋಲಿಸಿ ಆ ಮಟ್ಟವನ್ನು ದುರ್ಬೀನಿನಿಂದ ಗೊತ್ತುಮಾಡಬೇಕು. ದುರ್ಬೀನಿನೊಳಗಿನ ಅಡ್ಡಗೆರೆಯಾಗಿ ಬಹುಕಾಲ ನಿಂತದ್ದು ಜೇಡನ ರೇಷ್ಮೆ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ಡೇವಿಡ್ ರಿಟನ್‌ಹೌಸ್ ಇದನ್ನು ಬಳಸಿದವರಲ್ಲಿ ಮೊದಲಿಗ. ನೂಲು ಅತಿ ಸೂಕ್ಷ್ಮ, ಆದರೂ ಗಟ್ಟಿ. ಗುರುತನ್ನು ಮರೆಮಾಡದೆ ಬಿಗಿಯಾಗಿ ನಿಲ್ಲುತ್ತಿದ್ದಿತು. ಗಾಜಿನ ಮೇಲೆ ಕೊರೆದ ಗೆರೆ ಬಳಕೆಗೆ ಬರುವವರೆಗೂ ಭಾರವಾದ ಕಲ್ಲುಕಟ್ಟಡಗಳ ಅಳತೆ ಈ ಎಳೆಯನ್ನು ನಂಬಿಕೊಂಡಿದ್ದಿತು.

ನಮ್ಮ ಉಪಖಂಡದ ನದಿಗಳು ಈ ಶಾಸ್ತ್ರಕ್ಕೆ ದೊಡ್ಡ ಪಾಠಶಾಲೆಯಾದವು. ಈಗಿನ ಬಾಂಗ್ಲಾದೇಶದಲ್ಲಿ ಪದ್ಮಾ ನದಿಯ ಮೇಲೆ 1915ರಲ್ಲಿ ತೆರೆದ ಹಾರ್ಡಿಂಜ್ ಸೇತುವೆಗೆ, ರಾಬರ್ಟ್ ಗೇಲ್ಸ್ ಎಂಬ ಎಂಜಿನಿಯರು ಬಾವಿಯಂಥ ಅಡಿಪಾಯಗಳನ್ನು ಬೇಸಗೆಯ ನೀರಿನ ಮಟ್ಟದಿಂದ 150 ಅಡಿಗೂ ಹೆಚ್ಚು ಕೆಳಗಿಳಿಸಿದನು. 1930ರಲ್ಲಿ ಜೆರಾಲ್ಡ್ ಲೇಸಿ, ಇಲ್ಲಿನ ಕಾಲುವೆಗಳ ಅಳತೆಗಳಿಂದ, ಹರಿವಿಗೂ ಮಣ್ಣಿನ ಕಣಕ್ಕೂ ಇರುವ ಸಂಬಂಧವನ್ನು ಸೂತ್ರವಾಗಿಸಿದನು. ಅವನ ಲೆಕ್ಕದ ಸರಾಸರಿ ಆಳದ ಇಮ್ಮಡಿ ಕೊರೆತ ಕಂಬದ ಬುಡದಲ್ಲಾದೀತೆಂದು ಎಣಿಸುವುದು ನಮ್ಮ ಎಂಜಿನಿಯರರ ವಾಡಿಕೆ.

ಸೂತ್ರವಿದ್ದರೂ ಕಾವಲು ಬೇಕು. 1987ರ ಏಪ್ರಿಲ್ 5ರಂದು ನ್ಯೂಯಾರ್ಕ್ ರಾಜ್ಯದ ಸ್ಕೊಹ್ಯಾರಿ ಹೊಳೆಯ ಸೇತುವೆ ಪ್ರವಾಹದಲ್ಲಿ ಕುಸಿಯಿತು. ಅಡಿಪಾಯ ಆಳವಾಗಿರಲಿಲ್ಲ, ಕಾಪಿಗೆ ಸುರಿದಿದ್ದ ಕಲ್ಲುಗಳು ಕೊಚ್ಚಿಹೋಗಿದ್ದವು. ರಸ್ತೆ ಇದೆಯೆಂದು ನಂಬಿ ಬಂದ ಹತ್ತು ಜನ ಪ್ರಾಣ ತೆತ್ತರು. ಆ ಬಳಿಕವೇ ಅಮೆರಿಕದಲ್ಲಿ ಸೇತುವೆಗಳ ಕಾಲಡಿಯ ಕೊರೆತದ ಪರೀಕ್ಷೆ ವ್ಯಾಪಕವಾಗಿ ಮೊದಲಾದುದು.

ಈಗ ಶಬ್ದದ ಮಾರ್ದನಿಯಿಂದ ಆಳ ತಿಳಿಯುವ ಯಂತ್ರಗಳಿವೆ. ನನಗೆ ಹೆಚ್ಚು ಮೆಚ್ಚುಗೆಯಾದುದು ಸರಳವಾದ ಇನ್ನೊಂದು: ತಳದಲ್ಲಿ ನೆಟ್ಟ ಕೊಳವೆ, ಅದರ ಸುತ್ತ ಜಾರುವ ಬಳೆ. ಮರಳು ತಗ್ಗಿದಂತೆ ಬಳೆ ಇಳಿಯುತ್ತದೆ. ಮರಳು ಮತ್ತೆ ತುಂಬಿದಾಗ ಮೇಲೇರದೆ ಅಲ್ಲಿಯೇ ಹೂತುಹೋಗುತ್ತದೆ. ಹೊಳೆ ಮುಚ್ಚಿಟ್ಟ ಆಳಕ್ಕೆ ಅದು ಸಾಕ್ಷಿ. ಆ ಸಾಕ್ಷಿಯನ್ನು ಪ್ರತಿ ಮಳೆಗಾಲದ ಕೊನೆಗೆ ಯಾರಾದರೂ ಹೋಗಿ ಕೇಳಬೇಕು, ಅಷ್ಟೆ.